ಬಿಸಿಲು ಪುಕ್ಕಟೆ ಸಿಗುತ್ತದೆ, ನೀರು ತಾನಾಗಿ ಮೇಲೇರುವುದಿಲ್ಲ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವನು. ನಮ್ಮ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಭೀಮಾ ನದಿಯ ನೀರು ಬರುತ್ತದೆ. ನೀರು ಶುದ್ಧೀಕರಣ ಘಟಕ ದಿನಕ್ಕೆ 20 ಲಕ್ಷ ಲೀಟರಿನದು. ಕಮಿಟಿಯಲ್ಲಿ ನಾನೂ ಒಬ್ಬ. ನದಿಯಿಂದ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್‌ಗೆ ಒಂದು ಮೀಟರ್, ಘಟಕಕ್ಕೆ ಇನ್ನೊಂದು. ಎರಡೂ ಸೇರಿ ತಿಂಗಳಿಗೆ 30 ಸಾವಿರ ಯೂನಿಟ್ ಆಗುತ್ತದೆ. ಪಂಪ್‌ಗಳು ದಿನಕ್ಕೆ 16 ತಾಸು ಓಡುತ್ತವೆ. ಘಟಕಕ್ಕೆ ಮಂಜೂರಾದ ಲೋಡ್ 80 ಎಚ್‌ಪಿ. ಸೋಲಾರ್ ಕಂಪನಿಯೊಬ್ಬರು ಬಂದು, 150 ಕಿಲೋವ್ಯಾಟ್ ಹಾಕಿಸಿ, ಬಿಲ್ ಸೊನ್ನೆ ಆಗ್ತದೆ, ಕರೆಂಟ್ ಹೋದ್ರೂ ನೀರು ನಿಲ್ಲಲ್ಲ ಅಂತ ಹೇಳಿ ಹೋಗಿದ್ದಾರೆ. ಇದು ನಿಜವಾ? ಬ್ಯಾಟರಿ ಬೇಕಾ? ಫಿಲ್ಟರ್ ಹೌಸ್ ಮತ್ತು ನೀರಿನ ಸಂಪ್ ಮೇಲೆ ಪ್ಯಾನೆಲ್ ಹಾಕಬಹುದಾ? ಸಬ್ಸಿಡಿ ಸಿಗುತ್ತದಾ? ಜಾಕ್‌ವೆಲ್‌ನಿಂದ ಘಟಕಕ್ಕೆ ಸುಮಾರು 35 ಮೀಟರ್, ಘಟಕದಿಂದ ಗುಡ್ಡದ ಮೇಲಿನ ಟ್ಯಾಂಕಿಗೆ 60 ಮೀಟರ್ ಹೆಡ್ (ನೀರು ಎತ್ತಬೇಕಾದ ಎತ್ತರ, ಪೈಪಿನ ತಿಕ್ಕಾಟ ಸೇರಿ) ಇದೆ ಅಂತ ಹಳೆಯ ಕಾಗದದಲ್ಲಿದೆ.

ಉತ್ತರ: ಹೆಡ್ ಬರೆದು ಕಳಿಸಿದ್ದಕ್ಕೆ ಮೊದಲು ನಿಮಗೆ ಒಂದು ನಮಸ್ಕಾರ. ಹತ್ತರಲ್ಲಿ ಒಂಬತ್ತು ಜನ ಬಿಲ್ ಎಷ್ಟು ಅಂತ ಮಾತ್ರ ಬರೆಯುತ್ತಾರೆ. ನೀರು ಎಷ್ಟು, ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನುವುದು ಗೊತ್ತಿಲ್ಲದೆ ಸೋಲಾರ್ ಬಗ್ಗೆ ಮಾತಾಡಿದರೆ ಸುಮ್ನೆ ಅಂದಾಜಿನ ಮಾತು.

ಸೋಲಾರ್ ಹಾಕಿಸಿ. ಆದರೆ 150 ಕಿಲೋವ್ಯಾಟ್ ಬೇಡ. ಬಿಲ್ ಸೊನ್ನೆ ಆಗುವುದಿಲ್ಲ. ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ. ಪ್ಯಾನೆಲ್ ತರುವ ಮುಂಚೆ ಪಂಪ್ ನೋಡಬೇಕು. ಯಾಕೆ ಅಂತ ಹೇಳುತ್ತೇನೆ.

ನೀರು ಶುದ್ಧ ಮಾಡುವ ಘಟಕ ಅಂದರೆ ಆ ಶುದ್ಧ ಮಾಡುವ ಕೆಲಸಕ್ಕೇ ಕರೆಂಟ್ ಜಾಸ್ತಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಆಲಂ ಕಲಕುವ ಮೋಟಾರು, ಗಸಿ ತಳಕ್ಕೆ ಇಳಿಸುವ ತೊಟ್ಟಿಯ (ಕ್ಲಾರಿಫ್ಲಾಕ್ಯುಲೇಟರ್) ನಿಧಾನ ತಿರುಗುವ ಸೇತುವೆ, ಮರಳಿನ ಫಿಲ್ಟರನ್ನು ಹಿಮ್ಮುಖ ನೀರಿನಿಂದ ತೊಳೆಯುವ ಬ್ಯಾಕ್‌ವಾಶ್, ಕ್ಲೋರಿನ್, ದೀಪ, ಎಲ್ಲಾ ಸೇರಿಸಿದರೂ ನಿಮ್ಮಂಥ ಘಟಕಕ್ಕೆ ದಿನಕ್ಕೆ 60 ಯೂನಿಟ್ ಹಿಡಿದರೆ ಸಾಕು. ಉಳಿದದ್ದೆಲ್ಲ ನೀರು ಎತ್ತುವುದಕ್ಕೇ. ಅಂದರೆ ನಿಮ್ಮ ಬಿಲ್ ಕಟ್ಟಿಸುತ್ತಿರುವುದು ಗುಡ್ಡದ ಎತ್ತರ. ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಕಾರೇಜ್ ಇದೆ. ನೆಲದಡಿಯ ಸುರಂಗದಲ್ಲಿ ಬರೀ ಇಳಿಜಾರು ನಂಬಿ ನೀರು ಹರಿಸಿದರು, 15ನೇ ಶತಮಾನದಲ್ಲಿ. ಅಲ್ಲಿ ಹೋದಾಗಲೆಲ್ಲ ನನಗೆ ನಮ್ಮ ಪಂಪ್‌ಹೌಸ್ ಬಿಲ್ ನೆನಪಾಗುತ್ತದೆ. ಇರಲಿ, ನಮ್ಮ ಗುಡ್ಡವನ್ನು ಇಳಿಸಲು ಆಗುವುದಿಲ್ಲ. ಲೆಕ್ಕ ಮಾಡೋಣ.

ಲೆಕ್ಕ ಸುಲಭ. ದಿನಕ್ಕೆ ಎತ್ತುವ ನೀರನ್ನು ಘನ ಮೀಟರಿನಲ್ಲಿ ಬರೆಯಿರಿ, ಹೆಡ್‌ನಿಂದ ಗುಣಿಸಿ, 367ರಿಂದ ಭಾಗಿಸಿ. ಬಂದದ್ದು ಯೂನಿಟ್. 20 ಲಕ್ಷ ಲೀಟರ್ ಅಂದರೆ 2,000 ಘನ ಮೀಟರ್. ಜಾಕ್‌ವೆಲ್‌ನಲ್ಲಿ 35 ಮೀಟರಿಗೆ 191 ಯೂನಿಟ್, ಘಟಕದಿಂದ ಗುಡ್ಡಕ್ಕೆ 60 ಮೀಟರಿಗೆ 327 ಯೂನಿಟ್. ಒಟ್ಟು 518. ಪಂಪ್, ಮೋಟಾರು ಒಂದಿಷ್ಟೂ ನಷ್ಟ ಮಾಡದಿದ್ದರೆ ಇಷ್ಟು ಸಾಕಾಗುತ್ತಿತ್ತು. ನೀವು ದಿನಕ್ಕೆ 1,000 ಯೂನಿಟ್ ಸುಡುತ್ತಿದ್ದೀರಿ. ಆ 60 ತೆಗೆದರೆ 940. ಅಂದರೆ ನಿಮ್ಮ ಪಂಪ್‌ಗಳ ಒಟ್ಟು ದಕ್ಷತೆ ಶೇ. 55. ನೂರು ರೂಪಾಯಿ ಕೊಟ್ಟರೆ ಐವತ್ತೈದು ರೂಪಾಯಿ ನೀರಿಗೆ, ಉಳಿದದ್ದು ಬಿಸಿ, ಅಲುಗಾಟ ಮತ್ತು ಸದ್ದಿಗೆ.

ಪಂಪಿನೊಳಗೆ ತಿರುಗಿ ನೀರು ತಳ್ಳುವ, ಸವೆದ ಇಂಪೆಲ್ಲರ್ ಬದಲಿಸಿ, ಹೆಡ್‌ಗೆ ಸರಿಹೊಂದುವ ಪಂಪ್ ಕೂರಿಸಿದರೆ ಶೇ. 68 ಬರುವುದು ದೊಡ್ಡ ಮಾತಲ್ಲ. ಆಗ ಪಂಪಿಂಗ್‌ಗೆ 940 ಹೋಗಿ ಸುಮಾರು 760 ಸಾಕು. ದಿನಕ್ಕೆ 180 ಯೂನಿಟ್ ಉಳಿತಾಯ. ಈ 180 ಯೂನಿಟನ್ನು ಸೋಲಾರ್‌ನಿಂದ ಮಾಡಬೇಕಾದರೆ 40 ಕಿಲೋವ್ಯಾಟ್‌ಗಿಂತ ಜಾಸ್ತಿ ಪ್ಯಾನೆಲ್ ಬೇಕು, ಅದಕ್ಕೆ ಇಪ್ಪತ್ತು ಲಕ್ಷದ ಹತ್ತಿರ ಖರ್ಚು. ಪಂಪ್ ಸರಿ ಮಾಡಿಸಲು ಅಷ್ಟು ಬೇಡ, ದುಡ್ಡು ವಾಪಸ್ ಬರುವುದೂ ಬೇಗ. ಆದರೆ ಪಂಪ್ ಬದಲಿಸಿದರೆ ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಬರುವುದಿಲ್ಲ, ಫೋಟೊ ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಯಾರೂ ಆ ಮಾತು ಎತ್ತುವುದಿಲ್ಲ ಅಂತ ನನಗೆ ಅನುಮಾನ.

ಒಂದು ಎಚ್ಚರಿಕೆ. ಹಳೆಯ ಕಾಗದದ ಹೆಡ್ ನಂಬಬೇಡಿ. ಡೆಲಿವರಿ ಪೈಪಿನ ಮೇಲೆ ಪ್ರೆಷರ್ ಗೇಜ್ ಇರುತ್ತದೆ, ಬಹಳ ಕಡೆ ಅದರ ಮುಳ್ಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಹೊಸದು ಹಾಕಿಸಿ. ಒಂದು ಕೆಜಿ ಪ್ರೆಷರ್ ಅಂದರೆ 10 ಮೀಟರ್. ಗೇಜ್ 7 ತೋರಿಸಿದರೆ ನಿಮ್ಮ ಹೆಡ್ 60 ಅಲ್ಲ, 70. ವಾಲ್ವ್ ಅರ್ಧ ಮುಚ್ಚಿದ್ದಾರಾ, ಪೈಪಿನಲ್ಲಿ ಗಾಳಿ ಸಿಕ್ಕಿದೆಯಾ, ಮಧ್ಯೆ ಯಾರಾದರೂ ಸಣ್ಣ ಪೈಪು ಜೋಡಿಸಿದ್ದಾರಾ ಅಂತ ಹುಡುಕಬೇಕು.

ಈಗ 150 ಕಿಲೋವ್ಯಾಟ್ ವಿಷಯ. ನೆಟ್ ಮೀಟರಿಂಗ್ ಅಂದರೆ, ನಿಮ್ಮ ಪ್ಯಾನೆಲ್ ಮಾಡಿದ ಕರೆಂಟನ್ನು ಮೊದಲು ನೀವು ಬಳಸುತ್ತೀರಿ, ಮಿಕ್ಕಿದ್ದು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಲೈನಿಗೆ ಹೋಗುತ್ತದೆ, ಮೀಟರ್ ಎರಡೂ ಕಡೆ ಲೆಕ್ಕ ಇಡುತ್ತದೆ. ಕೇಂದ್ರದ ವಿದ್ಯುತ್ ಗ್ರಾಹಕರ ನಿಯಮಕ್ಕೆ 2021ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಇದಕ್ಕೆ ಮಿತಿ ಇದೆ. 500 ಕಿಲೋವ್ಯಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ ಘಟಕದ ಲೋಡ್ 80 ಎಚ್‌ಪಿ. ಒಂದು ಎಚ್‌ಪಿ ಅಂದರೆ 0.746 ಕಿಲೋವ್ಯಾಟ್. ಗುಣಿಸಿದರೆ 60 ಕಿಲೋವ್ಯಾಟ್. ಅಲ್ಲಿಗೆ ಆ ಕಂಪನಿಯವರ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯಿತು. ಲೋಡ್ ಹೆಚ್ಚಿಸಿಕೊಳ್ಳಿ ಅಂತ ಅವರು ಹೇಳಬಹುದು. ಆದರೆ ಲೋಡ್ ಹೆಚ್ಚಾದರೆ ತಿಂಗಳು ತಿಂಗಳೂ ಕಟ್ಟುವ ಫಿಕ್ಸೆಡ್ ಚಾರ್ಜೂ ಹೆಚ್ಚುತ್ತದೆ. ಪಂಪ್ ಓಡಲಿ ಬಿಡಲಿ, ಬಿಸಿಲು ಬರಲಿ ಬಿಡಲಿ, ಅದು ಬರುತ್ತಲೇ ಇರುತ್ತದೆ. ಬಿಲ್ ಸೊನ್ನೆ ಆಗದಿರಲು ಒಂದು ಕಾರಣ ಅದು.

ಇನ್ನೊಂದು ಕಾರಣ ನೀವೇ ಬರೆದಿದ್ದೀರಿ. ಮೀಟರ್ ಎರಡು. ಘಟಕದ ಆರ್‌ಆರ್ ನಂಬರಿಗೆ ಜೋಡಿಸಿದ ಸೋಲಾರ್ ಜಾಕ್‌ವೆಲ್ ಬಿಲ್ಲನ್ನು ತಾನಾಗಿ ಇಳಿಸುವುದಿಲ್ಲ. ದಿನದ ಸಾವಿರ ಯೂನಿಟ್‌ನಲ್ಲಿ ಸುಮಾರು 350 ಜಾಕ್‌ವೆಲ್‌ನದು. ಅದು ಹಾಗೇ ಉಳಿಯುತ್ತದೆ. ಜಾಕ್‌ವೆಲ್ ದಂಡೆಯಲ್ಲೇ ಬೇರೆ ಸೋಲಾರ್ ಹಾಕೋಣ ಅಂತ ಕಮಿಟಿಯಲ್ಲಿ ಯಾರಾದರೂ ಎದ್ದು ನಿಂತರೆ, 2020ರ ಅಕ್ಟೋಬರಿನಲ್ಲಿ ಭೀಮೆ ಎಲ್ಲಿಯವರೆಗೆ ಬಂದಿದ್ದಳು ಅಂತ ಕೇಳಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಲಬುರಗಿ, ಯಾದಗಿರಿ ಎರಡೂ ಜಿಲ್ಲೆಯ ದಂಡೆಯ ಊರುಗಳು ಮುಳುಗಿದ್ದನ್ನು ಮರೆಯಲಾಗುತ್ತದಾ? ಆ ಗುರುತಿಗಿಂತ ಮೇಲೆ ಜಾಗ ಇದ್ದರೆ ಮಾತ್ರ ಮುಂದಿನ ಮಾತು.

60 ಕಿಲೋವ್ಯಾಟ್ ಎಷ್ಟು ಕೊಡುತ್ತದೆ? ನಮ್ಮ ಭಾಗದಲ್ಲಿ ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟ್ ದಿನಕ್ಕೆ ನಾಲ್ಕು, ನಾಲ್ಕೂವರೆ ಯೂನಿಟ್ ಕೊಡುತ್ತದೆ. 4.2 ಅಂತ ಇಟ್ಟುಕೊಂಡರೆ ದಿನಕ್ಕೆ 252, ತಿಂಗಳಿಗೆ 7,500 ಯೂನಿಟ್. ಪಂಪ್ ಸರಿ ಮಾಡಿಸಿದ ಮೇಲೆ ಘಟಕದ ಮೀಟರಿನಲ್ಲಿ ದಿನಕ್ಕೆ 540 ಯೂನಿಟ್ ಓಡುತ್ತದೆ. ಅಂದರೆ ಸೋಲಾರ್ ಹತ್ತಿರ ಹತ್ತಿರ ಅರ್ಧ ಹೊರುತ್ತದೆ. ಈಗಿನ ಮಾರುಕಟ್ಟೆಯಲ್ಲಿ ಈ ಅಳತೆಯ ಕೆಲಸಕ್ಕೆ ಕಿಲೋವ್ಯಾಟ್‌ಗೆ 45 ಸಾವಿರದಿಂದ 60 ಸಾವಿರ ಅಂತ ಅಂದಾಜು ಹಿಡಿದರೆ 27ರಿಂದ 36 ಲಕ್ಷ. ಯೂನಿಟ್‌ಗೆ 6 ರೂಪಾಯಿ ಉಳಿಯಿತು ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ 5.4 ಲಕ್ಷ. ಐದರಿಂದ ಏಳು ವರ್ಷದಲ್ಲಿ ದುಡ್ಡು ವಾಪಸ್. ಪ್ಯಾನೆಲ್ 25 ವರ್ಷ ಬಾಳುತ್ತದೆ, ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಮಧ್ಯೆ ಒಮ್ಮೆ ಬದಲಿಸಬೇಕು ಅಂತ ಈಗಲೇ ದುಡ್ಡು ತೆಗೆದಿಡಿ. ಆ 6 ರೂಪಾಯಿ ನನ್ನ ಅಂದಾಜು, ನಿಮ್ಮ ಬಿಲ್ ತೆಗೆದು ಎನರ್ಜಿ ಚಾರ್ಜ್ ಎಷ್ಟಿದೆ ನೋಡಿ ಅದನ್ನು ಹಾಕಿಕೊಳ್ಳಿ.

ಕಲಬುರಗಿ, ಯಾದಗಿರಿ ಅಂದರೆ ರಣಬಿಸಿಲು, ಮೇ ತಿಂಗಳಲ್ಲಿ ಕರೆಂಟ್ ಧಾರಾಕಾರ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಸೆಕೆ ಅಲ್ಲ. ಕಂಪನಿಯವರು ಹೇಳುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಹೊರಗೆ 42 ಡಿಗ್ರಿ ಇದ್ದಾಗ ಪ್ಯಾನೆಲ್ ಒಳಗೆ 65 ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಹೋದರೂ ಶೇ. 14 ಹೋಯಿತು. ಅದಕ್ಕೇ ಪ್ಯಾನೆಲನ್ನು ಚಾವಣಿಗೆ ಅಂಟಿಸಿದ ಹಾಗೆ ಹಾಕಬಾರದು, ಅಡಿಯಲ್ಲಿ ಗಾಳಿ ಆಡಬೇಕು. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಇಟ್ಟರೆ ನಮ್ಮ ಅಕ್ಷಾಂಶಕ್ಕೆ ಸರಿ. ಫೆಬ್ರವರಿ, ಮಾರ್ಚ್ ಒಳ್ಳೆಯ ತಿಂಗಳು. ಜುಲೈ, ಆಗಸ್ಟಿನ ಮೋಡದಲ್ಲಿ ಇಳಿಯುತ್ತದೆ. ಅದೇ ಹೊತ್ತಿಗೆ ಭೀಮೆಯ ನೀರು ಕೆಂಪಾಗಿ, ಬ್ಯಾಕ್‌ವಾಶ್ ಹೆಚ್ಚಾಗಿ, ನಿಮ್ಮ ಖರ್ಚೂ ಸ್ವಲ್ಪ ಏರುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿ ಪಂಪ್ ನಿಂತ ದಿನ ಪ್ಯಾನೆಲ್ ಮಾತ್ರ ದುಡಿಯುತ್ತಲೇ ಇರುತ್ತದೆ. ಆ ಕರೆಂಟ್ ಲೈನಿಗೆ ಹೋಗುತ್ತದೆ, ಅದಕ್ಕೆ ಸಿಗುವ ದರ ನೀವು ಕಟ್ಟುವ ದರದಷ್ಟು ಇರುತ್ತದೆ ಅಂದುಕೊಳ್ಳಬೇಡಿ. ಒಪ್ಪಂದದ ಕಾಗದದಲ್ಲಿ ಆ ದರ ಓದಿಯೇ ಸಹಿ ಹಾಕಿ.

ಇನ್ನು ದೊಡ್ಡ ಪ್ರಶ್ನೆಗೆ ಬರೋಣ. ಕರೆಂಟ್ ಹೋದರೆ?

ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನಿನ ಕರೆಂಟ್ ಇದ್ದರೆ ಮಾತ್ರ ಓಡುತ್ತದೆ. ಲೈನ್ ಹೋದ ಕ್ಷಣ ಅದೂ ಬಂದ್. ಇದು ದೋಷ ಅಲ್ಲ, ಬೇಕೆಂದೇ ಮಾಡಿದ್ದು. ಲೈನ್ ಮೇಲೆ ಕೆಲಸ ಮಾಡಲು ಕಂಬ ಹತ್ತಿದ ಲೈನ್‌ಮನ್, ಕರೆಂಟ್ ಇಲ್ಲ ಅಂತ ತಂತಿ ಹಿಡಿಯುತ್ತಾನೆ. ಆಗ ನಿಮ್ಮ ಪ್ಯಾನೆಲ್ ಹಿಂದಿನಿಂದ ಕರೆಂಟ್ ತಳ್ಳಿದರೆ ಅವನ ಜೀವ ಹೋಗುತ್ತದೆ. ಹಾಗಾಗಿ ಕರೆಂಟ್ ಹೋದರೂ ನೀರು ನಿಲ್ಲಲ್ಲ ಅಂತ ಹೇಳಿದವರು ಒಂದೋ ಬ್ಯಾಟರಿಯ ರೇಟು ಮುಚ್ಚಿಟ್ಟಿದ್ದಾರೆ, ಇಲ್ಲವೇ ವಿಷಯ ಗೊತ್ತಿಲ್ಲದೆ ಹೇಳಿದ್ದಾರೆ. ಹಗಲು ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಲೈನ್) ಎರಡು ತಾಸು ಹೋಗುವ ಊರಾದರೆ ಸೋಲಾರ್ ಉತ್ಪಾದನೆಯಲ್ಲೂ ಅಷ್ಟು ತಾಸು ಖೋತಾ. ನಡುಮಧ್ಯಾಹ್ನ ಹೋದರಂತೂ ದಿನದ ಕಾಲು ಭಾಗವೇ ಹೋಗುತ್ತದೆ. ಸಬ್‌ಸ್ಟೇಷನ್ನಿನಲ್ಲಿ ನಿಮ್ಮ ಫೀಡರಿನ ಲಾಗ್‌ಬುಕ್ ಇರುತ್ತದೆ. ಮೂರು ತಿಂಗಳದ್ದು ಕೇಳಿ ನೋಡಿ. ಘಟಕಕ್ಕೆ ಎಕ್ಸ್‌ಪ್ರೆಸ್ ಫೀಡರ್, ಅಂದರೆ ನಿಮಗೇ ಮೀಸಲಾದ ಲೈನ್ ಇದ್ದರೆ ನೀವು ಪುಣ್ಯವಂತರು.

ಬ್ಯಾಟರಿ ಬೇಕಾ ಅಂದರೆ, ಪಂಪ್ ಓಡಿಸಲು ಬೇಡ. ನಿಮ್ಮ ಹತ್ತಿರ ಆಗಲೇ ಒಂದು ಬ್ಯಾಟರಿ ಇದೆ. ಗುಡ್ಡದ ಮೇಲಿನ ಟ್ಯಾಂಕ್. 5 ಲಕ್ಷ ಲೀಟರ್ ನೀರನ್ನು 60 ಮೀಟರ್ ಎತ್ತಿ ಇಟ್ಟರೆ, ಒಳ್ಳೆಯ ಪಂಪಿನಲ್ಲೂ 120 ಯೂನಿಟ್ ಕರೆಂಟ್ ಮೇಲೆ ಇಟ್ಟ ಹಾಗೆ. ಅಷ್ಟು ಯೂನಿಟ್ ಹಿಡಿಯುವ ಬ್ಯಾಟರಿಗೆ ಲಕ್ಷಗಟ್ಟಲೆ ಸುರಿದು, ನಮ್ಮ ಸೆಕೆಯಲ್ಲಿ ಅದಕ್ಕೆ ಎಸಿ ರೂಮು ಮಾಡಿ, ಹತ್ತು ಹನ್ನೆರಡು ವರ್ಷಕ್ಕೆ ಮತ್ತೆ ಕೊಳ್ಳಬೇಕು. ಟ್ಯಾಂಕಿಗೆ ಸುಣ್ಣ ಬಳಿದು, ವರ್ಷಕ್ಕೆರಡು ಸಲ ತೊಳೆದರೆ ಸಾಕು. ದುಡ್ಡಿದ್ದರೆ ಇನ್ನೊಂದು ಟ್ಯಾಂಕ್ ಕಟ್ಟಿಸಿ, ಅದು ಊರಿಗೆ ಎರಡು ಕಡೆಯಿಂದ ಲಾಭ. ಬ್ಯಾಟರಿ ಬೇಕಾಗುವುದು ಸಣ್ಣ ಕೆಲಸಕ್ಕೆ. ಕ್ಲೋರಿನ್ ಡೋಸಿಂಗ್, ಮೀಟರುಗಳು, ನಾಲ್ಕು ದೀಪ, ಕ್ಲೋರಿನ್ ಸೋರಿದರೆ ಕೂಗುವ ಅಲಾರಂ. ಎರಡು ಮೂರು ಕಿಲೋವ್ಯಾಟಿನ ಇನ್ವರ್ಟರ್ ಅದಕ್ಕೆ ಸಾಕು, ಮನೆಯಲ್ಲಿ ಇಟ್ಟ ಹಾಗೆ.

ಟ್ಯಾಂಕೇ ಬ್ಯಾಟರಿ ಅಂದ ಮೇಲೆ ಅದನ್ನು ಹಗಲು ತುಂಬಿಸಬೇಕು, ಅಲ್ವಾ? ನಮ್ಮ ಕಡೆ ಬಹಳ ಪಂಪ್‌ಹೌಸುಗಳಲ್ಲಿ ರಾತ್ರಿ ವೋಲ್ಟೇಜ್ ಚೆನ್ನಾಗಿರುತ್ತದೆ ಅಂತ ರಾತ್ರಿಯೇ ಜಾಸ್ತಿ ಓಡಿಸುವ ರೂಢಿ. ನಿಮ್ಮ 16 ತಾಸಿನಲ್ಲಿ ಬೆಳಗಿನ ಏಳರಿಂದ ಸಂಜೆ ಆರರವರೆಗಿನ ಹೊತ್ತು ಖಾಲಿ ಬಿಡಬೇಡಿ. ಉಳಿದ ಐದು ತಾಸು ರಾತ್ರಿಗೆ ಇರಲಿ. ಹಾಗಂತ ಎಲ್ಲಾ ನೀರನ್ನೂ ಎಂಟೇ ತಾಸಿನಲ್ಲಿ ಎತ್ತುತ್ತೇವೆ ಅಂತ ಪಂಪ್ ದುಪ್ಪಟ್ಟು ಮಾಡಲು ಹೋಗಬೇಡಿ. ಅದೇ ಪೈಪಿನಲ್ಲಿ ನೀರು ಎರಡು ಪಟ್ಟು ಓಡಿದರೆ ಪೈಪಿನ ತಿಕ್ಕಾಟದ ನಷ್ಟ ನಾಲ್ಕು ಪಟ್ಟಾಗುತ್ತದೆ. ಬಿಸಿಲಿನಿಂದ ಗಳಿಸಿದ್ದನ್ನು ಪೈಪು ತಿಂದುಬಿಡುತ್ತದೆ.

ಲೈನೇ ಬೇಡ, ಹೊಲದ ಸೋಲಾರ್ ಪಂಪಿನ ಹಾಗೆ ಪ್ಯಾನೆಲ್‌ನಿಂದ ನೇರ ಮೋಟಾರು ಓಡಿಸಬಹುದಲ್ಲ ಅಂತ ನಿಮ್ಮಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಹೊಲಕ್ಕೆ ಸರಿ. ತೊಗರಿ ಗಿಡಕ್ಕೆ ನೀರು ಹತ್ತು ನಿಮಿಷ ಕಡಿಮೆ ಬಂದರೆ ಅದೇನು ಬೇಜಾರು ಮಾಡಿಕೊಳ್ಳುವುದಿಲ್ಲ. ಶುದ್ಧೀಕರಣ ಘಟಕಕ್ಕೆ ಮಾತ್ರ ಒಂದೇ ಸಮನೆ ಹರಿವು ಬೇಕು. ಕೆಂಪು ನೀರಿಗೆ ಆಲಂ ಹಾಕಿದಾಗ ಮಣ್ಣಿನ ಕಣಗಳು ಕೂಡಿ ಹತ್ತಿಯ ಹಾಗೆ ಗಂಟಾಗುತ್ತವೆ. ಆ ಗಂಟು ಬಹಳ ನಾಜೂಕು. ನಿಧಾನವಾಗಿ ಕೂಡಬೇಕು, ನಿಧಾನವಾಗಿ ತಳಕ್ಕೆ ಇಳಿಯಬೇಕು. ಮೋಡ ಬಂದು ಹರಿವು ಅರ್ಧಕ್ಕೆ ಇಳಿಯಿತು ಅನ್ನಿ, ಆಲಂ ಮಾತ್ರ ಮೊದಲಿನಷ್ಟೇ ಸುರಿಯುತ್ತಿದೆ, ಡೋಸ್ ಎರಡು ಪಟ್ಟಾಯಿತು. ಮೋಡ ಸರಿಯಿತು, ನೀರು ದಬದಬ ನುಗ್ಗಿತು, ತಳದಲ್ಲಿ ಕೂತಿದ್ದ ಗಸಿ ಎದ್ದು ಫಿಲ್ಟರಿಗೆ ಹೋಯಿತು. ಫಿಲ್ಟರ್ ಕಟ್ಟಿಕೊಂಡು ಬ್ಯಾಕ್‌ವಾಶ್ ಮೇಲೆ ಬ್ಯಾಕ್‌ವಾಶ್. ಒಂದು ಕಡೆ ಹೀಗೇ ಮಾಡಿ, ಆಪರೇಟರ್ ಪಾಪ ಆಕಾಶ ನೋಡುತ್ತಾ ಆಲಂ ವಾಲ್ವ್ ತಿರುಗಿಸುತ್ತಾ ಕೂತಿದ್ದನ್ನು ನಾನೇ ಕಂಡಿದ್ದೇನೆ. ಮೂರೇ ತಿಂಗಳಿಗೆ, ಪ್ಯಾನೆಲ್‌ನಿಂದ ಮೋಟಾರು ಓಡಿಸುವ ಆ ಡ್ರೈವ್ ಬಿಚ್ಚಿ ಮೂಲೆಗೆ ಇಟ್ಟರು. ಹಾಗಾಗಿ ನದಿಯಿಂದ ಘಟಕಕ್ಕೆ ಬರುವ ನೀರಿನ ಜೊತೆ ಆಟ ಬೇಡ.

ಶುದ್ಧವಾದ ಮೇಲೆ ಆ ಹಂಗಿಲ್ಲ. ಒಂದು ಕಡೆ ಸಂಪ್ ಇದೆ, ಇನ್ನೊಂದು ಕಡೆ ಗುಡ್ಡದ ಟ್ಯಾಂಕ್ ಇದೆ. ಮಧ್ಯೆ ಹರಿವು ಏರಲಿ ಇಳಿಯಲಿ ಯಾರಿಗೂ ತೊಂದರೆ ಇಲ್ಲ. ಕರೆಂಟ್ ಹೋದಾಗಲೂ ಸ್ವಲ್ಪ ನೀರು ಮೇಲೆ ಹೋಗಲೇಬೇಕು ಅನ್ನುವುದಾದರೆ ಅಲ್ಲಿ ಒಂದು ಸಣ್ಣ ಪಂಪನ್ನು ಬೇರೆಯದೇ ಪ್ಯಾನೆಲ್ ಮತ್ತು ಬಿಸಿಲಿಗೆ ತಕ್ಕಂತೆ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಇಟ್ಟು ಓಡಿಸಿ. ಆ ಪ್ಯಾನೆಲ್ ನೆಟ್ ಮೀಟರಿಗೆ ಸೇರಬಾರದು. ಡೀಸೆಲ್ ಜನರೇಟರ್ ಇದ್ದರೆ ಇನ್ನೊಂದು ದಾರಿ ಇದೆ. ಜನರೇಟರ್ ಓಡುವಾಗ ಸೋಲಾರ್ ಅದರ ಜೊತೆ ಸೇರಿ ಡೀಸೆಲ್ ಉಳಿಸುವಂಥ ಕಂಟ್ರೋಲರ್ ಸಿಗುತ್ತದೆ. ಆದರೆ ಜನರೇಟರಿಗೆ ಕನಿಷ್ಠ ಮೂರರಲ್ಲಿ ಒಂದು ಪಾಲು ಲೋಡ್ ಇರಬೇಕು. ತೀರಾ ಹಗುರಾಗಿ ಓಡಿಸಿದರೆ ಎಂಜಿನ್ ಕರಿ ಹಿಡಿಯುತ್ತದೆ.

ಕಂಪನಿಯವರು ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ ಪವರ್ ಫ್ಯಾಕ್ಟರ್. ಮೋಟಾರಿಗೆ ಎರಡು ಥರದ ಕರೆಂಟ್ ಬೇಕು. ಒಂದು ಕೆಲಸ ಮಾಡುವುದು, ಇನ್ನೊಂದು ಸುಮ್ನೆ ಆಚೆ ಈಚೆ ಓಡಾಡಿ ಅಯಸ್ಕಾಂತ ಹುಟ್ಟಿಸುವುದು. ಮಾಮೂಲಿಯಾಗಿ ಇಟ್ಟ ಇನ್ವರ್ಟರ್ ಮೊದಲನೆಯದನ್ನು ಮಾತ್ರ ಕೊಡುತ್ತದೆ. ನಿಮ್ಮ ಘಟಕ ಈಗ ದಿನಕ್ಕೆ 650 ಯೂನಿಟ್ ಕೆಲಸದ ಕರೆಂಟ್, 315 ಓಡಾಟದ ಕರೆಂಟ್ ಎಳೆಯುತ್ತಿದೆ ಅನ್ನಿ. ಒಟ್ಟು ಎಳೆತದಲ್ಲಿ (ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದದ್ದು) ಕೆಲಸದ ಕರೆಂಟಿನ ಪಾಲೇ ಪವರ್ ಫ್ಯಾಕ್ಟರ್, ಇಲ್ಲಿ 0.90. ಸೋಲಾರ್ ಬಂದ ಮೇಲೆ ಲೈನಿನಿಂದ ಎಳೆಯುವ 650 ಇಳಿದು 420 ಆಗುತ್ತದೆ, 315 ಮಾತ್ರ ಅಲ್ಲೇ ಇರುತ್ತದೆ. ಪವರ್ ಫ್ಯಾಕ್ಟರ್ 0.80ಕ್ಕೆ ಬಿತ್ತು. ಮೋಟಾರು ಅದೇ, ಪಂಪ್ ಅದೇ, ಆದರೂ ಬಿಲ್ಲಿನಲ್ಲಿ ದಂಡದ ಸಾಲು ಹೊಸದಾಗಿ ಕಾಣಿಸಬಹುದು. ಒಂದು ಪಟ್ಟಣದವರು ಸೋಲಾರ್ ಹಾಕಿಸಿ ಎರಡು ತಿಂಗಳಿಗೆ ಬಿಲ್ ಹಿಡಿದು ನನ್ನ ಹತ್ತಿರ ಬಂದಿದ್ದರು, ಉಳಿತಾಯ ಆಗಿದೆ ಸರ್, ಆದ್ರೆ ಈ ಸಾಲು ಯಾವುದು ಅಂತ. ಮದ್ದು ಸುಲಭ. ಓಡಾಟದ ಕರೆಂಟ್ ಒದಗಿಸುವ ಕೆಪಾಸಿಟರ್ ಪ್ಯಾನೆಲನ್ನು ತಾನಾಗಿ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದಕ್ಕೆ ಬದಲಿಸಿ, ಇಲ್ಲವೇ ಇನ್ವರ್ಟರನ್ನೇ ಆ ಓಡಾಟದ ಕರೆಂಟ್ ಕೊಡುವ ಹಾಗೆ ಸೆಟ್ ಮಾಡಿಸಿ. ಟೆಂಡರಿನಲ್ಲೇ ಬರೆದರೆ ಪುಕ್ಕಟೆ ಆಗುತ್ತದೆ, ಆಮೇಲೆ ಕೇಳಿದರೆ ರೇಟು ಹೇಳುತ್ತಾರೆ.

ಜಾಗದ ವಿಷಯ. 60 ಕಿಲೋವ್ಯಾಟ್‌ಗೆ 550 ವ್ಯಾಟಿನ 109 ಪ್ಯಾನೆಲ್, ನಡುವಿನ ದಾರಿ ಸೇರಿ 500ರಿಂದ 600 ಚದರ ಮೀಟರ್. ಫಿಲ್ಟರ್ ಹೌಸ್ ಮತ್ತು ಸಂಪ್ ಸೇರಿದರೆ ಅರ್ಧದ ಮೇಲೆ ಹಿಡಿಯಬಹುದು, ಉಳಿದದ್ದು ನೆಲದ ಮೇಲೆ. ಸಂಪ್ ಮೇಲೆ ಹಾಕಬಹುದು, ಒಂದೇ ಷರತ್ತು. ಸ್ಲ್ಯಾಬಿಗೆ ಡ್ರಿಲ್ ತಾಗಬಾರದು. ಒಂದು ಘಟಕದಲ್ಲಿ ಬೋಲ್ಟ್ ಹೊಡೆದು ಫ್ರೇಮ್ ನಿಲ್ಲಿಸಿದರು. ಮೊದಲ ಮಳೆಗೆ ಪಾರಿವಾಳದ ಹಿಕ್ಕೆ ತೊಳೆದ ನೀರು ಆ ತೂತಿನಿಂದ ಶುದ್ಧ ನೀರಿಗೆ ಇಳಿಯಿತು. ಊರಿಗೆ ಕೊಡುವ ನೀರಿನ ಕೊನೆಯ ನಿಲ್ದಾಣ ಅದು, ಅಲ್ಲಿಂದ ಮುಂದೆ ಫಿಲ್ಟರ್ ಇಲ್ಲ. ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೆ ಫ್ರೇಮ್ ನಿಲ್ಲಿಸಿ, ಆ ಭಾರ ಸ್ಲ್ಯಾಬ್ ತಡೆಯುತ್ತದೆ ಅಂತ ಸಿವಿಲ್ ಎಂಜಿನಿಯರ್ ಬರೆದು ಕೊಡಲಿ. ಮ್ಯಾನ್‌ಹೋಲ್, ಗಾಳಿಕೊಳವೆ ಮುಚ್ಚಬಾರದು, ಕೊಳವೆಯ ಜಾಲರಿ ಗಟ್ಟಿ ಇರಬೇಕು.

ನೆಲದ ಮೇಲೆ ಅಂದರೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಒಂದೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿದ ಕಂಬ ಎರಡು ವರ್ಷಕ್ಕೆ ವಾಲುತ್ತದೆ, ಪ್ಯಾನೆಲಿನ ಗಾಜು ಬಿರಿಯುತ್ತದೆ. ಉಬ್ಬುವ ಪದರ ದಾಟಿ ಗಟ್ಟಿ ನೆಲದವರೆಗೆ ಪೈಲ್ ಹೋಗಬೇಕು. ಬುಡ ಅಗಲ ಮಾಡಿದ ಅಂಡರ್‌ರೀಮ್ಡ್ ಪೈಲ್ ಅಂತ ಕೇಳಿ, ನಮ್ಮ ಕಡೆ ಎಂಜಿನಿಯರುಗಳಿಗೆ ಗೊತ್ತು. ಮೇ ತಿಂಗಳ ಗಾಳಿಮಳೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರಿದರೆ ಸಿಡಿಲಿನ ಹೊತ್ತಿಗೆ ಕೆಲಸ ಮಾಡುವುದಿಲ್ಲ, ಏಪ್ರಿಲಿನಲ್ಲೇ ಅದನ್ನು ಅಳೆಸಬೇಕು.

ಇನ್ವರ್ಟರ್ ಎಲ್ಲಿ ಕೂರಿಸುತ್ತಾರೆ ಅಂತ ನೀವೇ ನಿಂತು ನೋಡಿ. ಕ್ಲೋರಿನ್ ರೂಮಿನ ಗೋಡೆಗೆ ಮಾತ್ರ ಬೇಡ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲ ಹಿಡಿದು ಹರಿದು ಬರುತ್ತದೆ. ಮೂಗಿಗೆ ಗೊತ್ತಾಗದಷ್ಟು ಸೋರಿದರೂ ತಾಮ್ರಕ್ಕೆ ಗೊತ್ತಾಗುತ್ತದೆ. ಎರಡು ವರ್ಷಕ್ಕೆ ಒಳಗಿನ ಟರ್ಮಿನಲ್‌ಗಳೆಲ್ಲ ಹಸಿರು ಹಿಡಿದ ಇನ್ವರ್ಟರ್ ನಾನು ಬಿಚ್ಚಿ ನೋಡಿದ್ದೇನೆ. ವಾರಂಟಿ ಕೇಳಿದರೆ ಕಂಪನಿಯವರು ಪರಿಸರದ ದೋಷ ಅಂದರು. ಅವರ ಮಾತು ತಪ್ಪೇನಲ್ಲ.

ಸಬ್ಸಿಡಿ ಕೇಳಿದ್ದೀರಿ. ಪಿಎಂ ಸೂರ್ಯ ಘರ್‌ನ 78 ಸಾವಿರದವರೆಗಿನ ಸಬ್ಸಿಡಿ ಮನೆಗಳಿಗೆ, ಸೋಲಾರ್ ಪಂಪಿನ ಕುಸುಮ್ ಯೋಜನೆ ರೈತರಿಗೆ. ನೀರಿನ ಘಟಕಕ್ಕೆ ಇವೆರಡೂ ಅಲ್ಲ. ದುಡ್ಡು ಇಲ್ಲದಿದ್ದರೆ ರೆಸ್ಕೋ ಅಂತ ಒಂದು ಪದ್ಧತಿ ಇದೆ. ಕಂಪನಿಯೇ ದುಡ್ಡು ಹಾಕಿ ಪ್ಯಾನೆಲ್ ನಿಲ್ಲಿಸುತ್ತದೆ, ನೀವು ಯೂನಿಟ್ ಲೆಕ್ಕದಲ್ಲಿ ಅವರಿಗೆ ಕಟ್ಟುತ್ತೀರಿ, ಇಪ್ಪತ್ತೈದು ವರ್ಷ. ಕೇಳಲು ಚೆನ್ನಾಗಿದೆ. ಆದರೆ ನದಿ ಬತ್ತಿ ಪಂಪ್ ನಿಂತಾಗಲೂ, ಫೀಡರ್ ಹೋಗಿ ಸೋಲಾರ್ ನಿಂತಾಗಲೂ ಇಂತಿಷ್ಟು ಯೂನಿಟ್‌ಗೆ ದುಡ್ಡು ಕೊಡಲೇಬೇಕು ಅಂತ ಒಳಗೆಲ್ಲೋ ಒಂದು ಸಾಲು ಇರುತ್ತದೆ. ಅದನ್ನು ಹುಡುಕಿ. ಕ್ರೆಡಲ್‌ನವರು ಸೋಲಾರ್‌ನಂಥ ನವೀಕರಿಸಬಹುದಾದ ಇಂಧನಕ್ಕೆ ರಾಜ್ಯದ ನೋಡಲ್ ಸಂಸ್ಥೆ, ಕರಾರಿನ ಮಾದರಿ ಅವರಲ್ಲಿ ಕೇಳಿ ಇದರ ಪಕ್ಕ ಇಟ್ಟು ಓದಿ.

ಕೊನೆಗೆ ಹುಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮಾಡುವ ಹೊತ್ತಿಗೆ ಗಾಳಿಯೆಲ್ಲ ಹೊಟ್ಟು. ಮಳೆ ಬರುವುದು ಜೂನಿಗೆ. ವಾಡಿ, ಶಹಾಬಾದ್, ಸೇಡಂ ಕಡೆಯ ಘಟಕದವರು ಇದನ್ನು ಓದುತ್ತಿದ್ದರೆ ಅವರಿಗೆ ಸಿಮೆಂಟ್ ಹುಡಿಯೂ ಉಂಟು, ಇಬ್ಬನಿಗೆ ನೆನೆದು ಗಾಜಿನ ಮೇಲೆ ಪದರ ಕಟ್ಟುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಒಂದು ಪ್ಯಾನೆಲ್‌ಗೆ ಎರಡು ಲೀಟರ್ ನೀರು ಹಿಡಿದರೂ ನಿಮಗೆ 220 ಲೀಟರ್. ನೀರಿನ ಘಟಕದಲ್ಲಿ ನೀರಿಗೇನು ಬರ ಅನ್ನಬೇಡಿ. ಬೇಸಿಗೆಯ ಭೀಮೆಯ ನೀರು ಗಡಸು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ತೊಳೆದ ಕೂಡಲೇ ರಬ್ಬರಿನ ವೈಪರ್‌ನಿಂದ ಎಳೆಯಬೇಕು. ಸೂರ್ಯ ಏರುವ ಮುಂಚೆ ಮುಗಿಸಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರಿಯಬಹುದು. ಈ ಕೆಲಸ ಯಾರದು ಅಂತ ಟೆಂಡರಿನಲ್ಲಿ ಬರೆಯದಿದ್ದರೆ ಅದು ಯಾರದೂ ಅಲ್ಲ. ವಾಲ್ವ್‌ಮನ್ ಮಾಡುತ್ತಾನೆ ಬಿಡಿ ಅಂತ ಕಮಿಟಿಯಲ್ಲಿ ಯಾರಾದರೂ ಹೇಳಿದರೆ, ಅವನಿಗೆ ಅದಕ್ಕೆ ಎಷ್ಟು ಕೊಡುತ್ತೀರಿ ಅಂತ ಅಲ್ಲೇ ಕೇಳಿ ನಡಾವಳಿಯಲ್ಲಿ ಬರೆಸಿ.